ನೀರು ಏರುವುದಿಲ್ಲ ಎಂದ ಮಾಸ್ತರು

ಮೊನ್ನೆ ಕೊಪ್ಪಳದಿಂದ ಇಬ್ಬರು ಬಂದಿದ್ದರು. ಮಾಸ್ತರು ತೀರಿಕೊಂಡು ತಿಂಗಳಾಯಿತು, ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನೆನಪಿನ ಪುಸ್ತಕ ತರುತ್ತಿದ್ದೇವೆ, ನೀವು ಅವರಿಗೆ ಬೇಕಾದ ಶಿಷ್ಯರು, ನಾಲ್ಕು ಪುಟ ಬರೆದುಕೊಡಿ ಎಂದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಅವರಲ್ಲೊಬ್ಬರು, "ಆದಷ್ಟು ಛಲೋದ ಬರೀರಿ ಮತ್ತ" ಎಂದು ಸೇರಿಸಿದರು. ಆ ಮಾತಿಗೇ ನನ್ನ ಪಿತ್ತ ನೆತ್ತಿಗೇರಿತು. ಸತ್ತ ಮನುಷ್ಯನಿಗೆ ಹಾರ ಹಾಕಿ ಮುಗಿಸುವುದೇ ಆಗಿದ್ದರೆ ನಾಲ್ಕು ಪುಟ ಯಾಕೆ, ನಾಲ್ಕು ಸಾಲು ಸಾಕಲ್ಲ! ನನಗೆ ಮಾಸ್ತರ ಮೇಲೆ ಸಿಟ್ಟಿದೆ. ಅವರು ಕೂತ ಜಾಗ, ಆಡಿದ ಮಾತು, ಆ ಹೊತ್ತಿನ ಬಿಸಿಲು ಎಲ್ಲ ನೆನಪಿರುವಷ್ಟು ಸಿಟ್ಟು. ಸಿಟ್ಟಿನಿಂದಲೇ ಬರೆಯುತ್ತೇನೆ. ಬೇಕಾದರೆ ಅಚ್ಚು ಹಾಕಲಿ, ಬೇಡವಾದರೆ ಒಲೆಗೆ ಹಾಕಲಿ.

ಮಾಸ್ತರು ಕುಷ್ಟಗಿ ಕಡೆಯವರು. ನಾನು ಕೊಪ್ಪಳದಲ್ಲಿ ಓದುತ್ತಿದ್ದಾಗ ನಮಗೆ ಭೂಗೋಳ ಕಲಿಸುತ್ತಿದ್ದರು. ಅದು ನಿಜಾಮರ ಕಾಲ. ಪುಸ್ತಕ ಉರ್ದುವಿನಲ್ಲಿ, ಪರೀಕ್ಷೆ ಉರ್ದುವಿನಲ್ಲಿ, ರಜೆ ಶುಕ್ರವಾರ, ಭೂಗೋಳಕ್ಕೆ ಹೆಸರು ಜುಗ್ರಾಫಿಯಾ. ಮಾಸ್ತರು ಪುಸ್ತಕದ ಸಾಲನ್ನು ಉರ್ದುವಿನಲ್ಲಿ ಒಮ್ಮೆ ಓದಿ ಮುಗಿಸಿ, "ಇದು ಸರಕಾರಕ್ಕ. ಈಗ ನಮಗ" ಎಂದು ಕನ್ನಡಕ್ಕೆ ಇಳಿಯುತ್ತಿದ್ದರು. ಬಡಕಲು ಮೈ, ಎತ್ತರದ ಆಳು, ಮೈಮೇಲೆ ಯಾವಾಗಲೂ ಒಂದೇ ಕರಿ ಕೋಟು. ಕೋಟಿನ ಜೇಬುಗಳು ಜೋತುಬಿದ್ದು ಮೊಣಕಾಲಿಗೆ ಬಡಿಯುತ್ತಿದ್ದವು. ಏಕೆಂದರೆ ಅವುಗಳ ತುಂಬ ಕಲ್ಲು. ದಾಟಿದ ಪ್ರತಿ ಹಳ್ಳದಿಂದ ಒಂದು ಹರಳು ಎತ್ತಿ ಜೇಬಿಗೆ ಹಾಕಿಕೊಳ್ಳುವುದು ಅವರ ಚಟ. ಒಮ್ಮೆ ಹೆಂಡತಿ ಕೋಟು ಒಗೆಯುವಾಗ ಅವನ್ನೆಲ್ಲ ಅಂಗಳಕ್ಕೆ ಎಸೆದರಂತೆ. ಮಾಸ್ತರು ಎರಡು ದಿನ ಮನೆಯಲ್ಲಿ ಮಾತಾಡಲಿಲ್ಲವೆಂದು ನೆರೆಮನೆಯ ಹುಡುಗ ಬಂದು ನಮಗೆಲ್ಲ ಹೇಳಿದ್ದ.

ಮೊದಲ ದಿನ ತರಗತಿಗೆ ಬಂದವರು ಪುಸ್ತಕ ತೆರೆಯಲಿಲ್ಲ. ಬಾಗಿಲ ಬಳಿ ಕೂತಿದ್ದ ಯಲಬುರ್ಗಾ ಕಡೆಯ ಹುಡುಗನನ್ನು ಎಬ್ಬಿಸಿದರು.

"ತಮ್ಮಾ, ಮಳಿ ಬಂದ್ರ ನಿಮ್ಮ ಮನಿ ಮಾಳಗಿ ಮ್ಯಾಲಿನ ನೀರು ಎಲ್ಲಿಗಿ ಹೋಗ್ತೈತಿ?"

"ಓಣಿಗ್ರಿ."

"ಓಣಿಯಿಂದ?"

"ಗೊತ್ತಿಲ್ರಿ."

"ಮನಿ ಮ್ಯಾಲಿನ ನೀರು ಎಲ್ಲಿಗಿ ಹೋಗ್ತೈತಿ ಗೊತ್ತಿಲ್ಲ, ಗಂಗಾ ಎಲ್ಲಿ ಹುಟ್ಟತೈತಿ ಅಂತ ಕಲ್ಯಾಕ ಬಂದಿ?"

ಸೀಮೆಸುಣ್ಣದ ಚೂರೊಂದು ಅವನ ತಲೆಯ ಮೇಲಿಂದ ಹಾರಿ ಗೋಡೆಗೆ ಬಡಿಯಿತು. ಮುಂದಿನ ವಾರದೊಳಗೆ ಎಲ್ಲರೂ ತಂತಮ್ಮ ಮನೆಯ ನೀರನ್ನು ಸಮುದ್ರಕ್ಕೆ ಮುಟ್ಟಿಸಿ ಬರಬೇಕೆಂದು ಅಪ್ಪಣೆಯಾಯಿತು. ನಾವು ಊರಿಗೆ ಹೋಗಿ ಚರಂಡಿ ಹಿಡಿದು ಓಡಾಡಿದೆವು. ಹಿರಿಯರನ್ನು ಕೇಳಿ ಬೈಸಿಕೊಂಡೆವು. ಓಣಿಯಿಂದ ಹಳ್ಳಕ್ಕೆ, ಹಳ್ಳದಿಂದ ಹಿರೇಹಳ್ಳಕ್ಕೆ, ಅಲ್ಲಿಂದ ತುಂಗಭದ್ರೆಗೆ, ತುಂಗಭದ್ರೆಯಿಂದ ಕೃಷ್ಣೆಗೆ. ಯಲಬುರ್ಗಾದ ಆ ಹುಡುಗ ಬಂಗಾಳದ ಸಮುದ್ರ ಮುಟ್ಟಿದಾಗ ಮಾಸ್ತರು ಎದ್ದು ಹೋಗಿ ಅವನ ಬೆನ್ನು ತಟ್ಟಿದರು. ಹೊಡೆಯುವ ಕೈ ಅಷ್ಟು ಮೆತ್ತಗೂ ಇರಬಲ್ಲದೆಂದು ನಮಗೆ ಅವತ್ತು ಗೊತ್ತಾಯಿತು.

ಒಂದು ವರ್ಷ ಸಾಲೆಯ ತಪಾಸಣೆಗೆ ಸಾಹೇಬರು ಬಂದರು. ಅವರು ಹಿಂದೂಸ್ತಾನದ ಎಲ್ಲಕ್ಕಿಂತ ದೊಡ್ಡ ನದಿ ಯಾವುದು ಎಂದು ಕೇಳಿದರೆ ಅದೇ ಹುಡುಗ ಎದೆ ಸೆಟೆಸಿ "ಹಿರೇಹಳ್ಳ" ಎಂದುಬಿಟ್ಟ. ಸಾಹೇಬರ ಮುಖ ಕೆಂಪಾಯಿತು. ಮಾಸ್ತರು ಕೈಕಟ್ಟಿ ನಿಂತವರು ಕೈ ಬಿಡಿಸದೆಯೇ, "ಗಂಗಾ ಬಂದು ಇವನ ಹೊಲ ಕೊಚ್ಚಿಕೊಂಡು ಹೋಗಿಲ್ರಿ ಸಾಹೇಬ್ರ, ಹಿರೇಹಳ್ಳ ಹೋಗೈತಿ. ಇವನ ಪಾಲಿಗಿ ಅದ ದೊಡ್ಡದು" ಎಂದರು. ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ನಮಗೆ ಅವರು ದೇವರಾದರು. ಅಲ್ಲೇ ಕೆಟ್ಟದ್ದು. ಒಬ್ಬ ಮನುಷ್ಯನನ್ನು ದೇವರು ಮಾಡಿಕೊಂಡ ಮೇಲೆ ಬೇರೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ.

ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವೆ ಒಂದು ಏರು ಇದೆ. ಗುಡ್ಡ ಎನ್ನುವಷ್ಟು ಎತ್ತರವಿಲ್ಲ, ಬಂಡಿಯಲ್ಲಿ ಹೋಗುವವರಿಗೆ ಏರಿದ್ದೇ ಗೊತ್ತಾಗುವುದಿಲ್ಲ. ಒಂದು ಶುಕ್ರವಾರ ನಮ್ಮನ್ನೆಲ್ಲ ಅಲ್ಲಿಗೆ ಕರೆದೊಯ್ದರು. ಮುಂಗಾರಿನ ಮೊದಲ ಮಳೆ. ಅವರ ಕೈಯಲ್ಲಿ ಕೊಡೆ ಇತ್ತು, ಅದನ್ನು ಬಿಚ್ಚಲಿಲ್ಲ, ಕೋಲಿನ ಹಾಗೆ ಊರಿಕೊಂಡು ನಡೆದರು. ಏರಿನ ನೆತ್ತಿಯಲ್ಲಿ ಒಂದು ಬೋಳು ಬಂಡೆ ಇತ್ತು. ನನ್ನ ಕೈಗೆ ಕಂಚಿನ ತಂಬಿಗೆ ಕೊಟ್ಟು ನೀರು ಸುರಿ ಎಂದರು. ಸುರಿದೆ. ಅರ್ಧ ನೀರು ಈ ಕಡೆ ಇಳಿಯಿತು, ಅರ್ಧ ಆ ಕಡೆ.

"ಈ ಕಡೆ ಹೋದದ್ದು ಹಿರೇಹಳ್ಳ ಸೇರಿ ತುಂಗಭದ್ರಿಗಿ ಹೋಗ್ತೈತಿ. ಆ ಕಡೆ ಹೋದದ್ದು ಇಳಕಲ್ಲ ಕಡೆ ಹಾದು ಕೃಷ್ಣಿಗಿ ಹೋಗ್ತೈತಿ. ಇಲ್ಲಿ ಅಗಲಿದ್ದು ಮತ್ತ ಕೂಡೂದು ರಾಯಚೂರ ದಾಟಿದ ಮ್ಯಾಲ. ನಿಮ್ಮ ತಾಲೂಕಿನ ಗಡಿ ಮನಷ್ಯಾರು ಹಾಕ್ಯಾರ. ಇದು ನೀರು ಹಾಕಿದ ಗಡಿ." ಆಮೇಲೆ ಆ ಮಾತು ಹೇಳಿದರು. ನೂರು ಸಲ ಹೇಳಿದ ಮಾತು. "ನೆನಪಿಡ್ರಿ. ನೀರು ಇಳೀತೈತಿ. ಏರೂದಿಲ್ಲ. ದೇವ್ರು ಹೇಳಿದ್ರೂ ಏರೂದಿಲ್ಲ." ಸುತ್ತ ನೋಡಿ ದನಿ ತಗ್ಗಿಸಿ, "ನಿಜಾಮ್ರು ಹೇಳಿದ್ರೂ ಏರೂದಿಲ್ಲ" ಎಂದರು. ನಾವು ಮಳೆಯಲ್ಲಿ ತೊಯ್ಯುತ್ತ ಬಿದ್ದು ಬಿದ್ದು ನಕ್ಕೆವು.

ಇಷ್ಟು ಛಲೋದು ಬರೆದೆನಲ್ಲ, ಸಾಕು.

ನಮ್ಮೂರು ಹೊಳೆಯ ದಂಡೆಯಲ್ಲಿರಲಿಲ್ಲ. ತುಂಗಭದ್ರೆ ನಮ್ಮಿಂದ ಎರಡು ಮೈಲಿ ದೂರ. ಊರ ಪಕ್ಕ ಹರಿಯುತ್ತಿದ್ದದ್ದು ಒಂದು ಸಣ್ಣ ಹಳ್ಳ, ಅದು ಹೋಗಿ ಹೊಳೆಗೆ ಸೇರುತ್ತಿತ್ತು. ನಾನು ಓದು ಮುಗಿಸಿ ಗಂಗಾವತಿಯಲ್ಲಿ ಮಾಸ್ತರಿಕೆಗೆ ಸೇರಿದ ಹೊತ್ತಿಗೆ, ಹೊಳೆಗೆ ದೊಡ್ಡ ಒಡ್ಡು ಹಾಕುತ್ತಾರಂತೆ ಎಂಬ ಸುದ್ದಿ ಗಟ್ಟಿಯಾಗುತ್ತಿತ್ತು. ಅದಕ್ಕೂ ಎಷ್ಟೋ ಮುಂಚೆ ಅಳತೆಯವರು ಮೂರು ಕಾಲಿನ ದುರ್ಬೀನು ಹೊತ್ತು ನಮ್ಮೂರಿಗೆ ಬಂದು ಹೋಗಿದ್ದರು. ಊರ ಹಿಂದಿನ ದಿಬ್ಬದ ಮೇಲೆ, ಎಲ್ಲ ಮನೆಗಳಿಗಿಂತ ಮೇಲೆ, ಒಂದು ಕಲ್ಲು ನೆಟ್ಟು ಸುಣ್ಣ ಬಳಿದಿದ್ದರು. ಯಾಕೆಂದು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ "ಸರಕಾರಿ ಕಲ್ಲು, ಮುಟ್ಟಬ್ಯಾಡ್ರಿ" ಎಂದರಂತೆ. ಸರಕಾರಿ ಕಲ್ಲೆಂದ ಮೇಲೆ ಅದಕ್ಕೂ ಏನೋ ಶಕ್ತಿ ಇರಬೇಕೆಂದು ನಮ್ಮ ಹೆಂಗಸರು ಅಮಾವಾಸ್ಯೆಗೊಮ್ಮೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆಯತೊಡಗಿದರು. ಹೊಸದಾಗಿ ಮದುವೆಯಾದವರು ಅದರ ಸುತ್ತ ಐದು ಸುತ್ತು ಬರುವ ಪದ್ಧತಿಯೂ ಬಂತು. ಆ ಕಲ್ಲು ಏನೆಂದು ಒಂದು ಮಾತು ಹೇಳಲು ಆ ಅಳತೆಯವರ ಗಂಟೇನು ಹೋಗುತ್ತಿತ್ತು? ಇದನ್ನು ಬರೆಯುವಾಗ ಈಗಲೂ ಹಲ್ಲು ಕಡಿಯುತ್ತೇನೆ.

ಒಡ್ಡಿನ ಕೆಲಸ ಶುರುವಾದ ಮೇಲೆ ಒಬ್ಬ ಅಧಿಕಾರಿ ಬಂದು, ನಿಮ್ಮ ಊರೂ ಏಳಬೇಕಾಗಬಹುದು ಎಂದ. ಈಗಲೇ ಒಪ್ಪಿದರೆ ಕೊಪ್ಪಳದ ದಾರಿಗೆ ಹತ್ತಿರ ಒಳ್ಳೆ ಕಪ್ಪು ಮಣ್ಣಿನ ಎರಿ ನೆಲ ಇದೆ, ಅಲ್ಲಿ ಎರಡು ಸಿಹಿನೀರಿನ ಬಾವಿಗಳಿವೆ, ಊರು ಕಟ್ಟಿಕೊಳ್ಳಬಹುದು. ತಡಮಾಡಿದರೆ ಬೇರೆ ಊರಿನವರು ಕೇಳುತ್ತಿದ್ದಾರೆ, ಅವರ ಪಾಲಾಗುತ್ತದೆ. ಆಮೇಲೆ ಉಳಿದದ್ದನ್ನು ತೆಗೆದುಕೊಳ್ಳಬೇಕು. ಹೀಗೆಂದು ಹದಿನೈದು ದಿನದ ಗಡುವು ಕೊಟ್ಟು ಹೋದ. ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಅಪ್ಪ ಕೇಳಿದರೆ, ನಕ್ಷೆ ನನ್ನ ಬಳಿ ಇಲ್ಲ ಎಂದನಂತೆ. ಊರಿನವರಿಗೆ ದಿಕ್ಕು ತೋಚಲಿಲ್ಲ. ಹುಟ್ಟಿದ ಊರು ಬಿಟ್ಟು ಸುಮ್ಮನೆ ಏಳುವುದೇ, ಎದ್ದಮೇಲೆ ನೀರೇ ಬರದಿದ್ದರೆ? ಅಪ್ಪ ನನಗೆ ಹೇಳಿಕಳಿಸಿದ. ನಾನು ಕೊಪ್ಪಳಕ್ಕೆ ಹೋಗಿ ಮಾಸ್ತರನ್ನು ಕರೆದುಕೊಂಡು ಬಂದೆ. ಕರೆದು ತಂದವನು ನಾನು. ಇದನ್ನೂ ಬರೆದಿಡಬೇಕು.

ಶುಕ್ರವಾರ ಮಧ್ಯಾಹ್ನ. ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿದೆವು. ಊರಿನ ಗಂಡಸರೆಲ್ಲ ಸುತ್ತ ಕೂತರು. ಹೆಂಗಸರು ಗುಡಿಯ ಪಕ್ಕದ ಗೋಡೆಯ ಮರೆಯಲ್ಲಿ ನಿಂತರು. ಅದಕ್ಕೂ ಮುಂಚೆ ಮಾಸ್ತರು ಹಳ್ಳವನ್ನೂ ದಿಬ್ಬವನ್ನೂ ಒಂದು ಸುತ್ತು ನೋಡಿ ಬಂದಿದ್ದರು. ಹಳ್ಳದಿಂದ ಒಂದು ಹರಳು ಎತ್ತಿ ಜೇಬಿಗೂ ಹಾಕಿಕೊಂಡಿದ್ದರು. ಕೊಡೆಯ ತುದಿಯಿಂದ ಮಣ್ಣಿನಲ್ಲಿ ಒಂದು ಉದ್ದ ಗೆರೆ ಎಳೆದರು, ಅದು ಹೊಳೆ. ಅದಕ್ಕೆ ಬಂದು ಕೂಡುವ ಸಣ್ಣ ಗೆರೆ, ಅದು ನಮ್ಮ ಹಳ್ಳ.

"ಒಡ್ಡು ಹಾಕೂದು ಹೊಳಿಗಿ. ನಿಮ್ಮ ಊರು ಇರೂದು ಹಳ್ಳದ ಮ್ಯಾಲ. ಹಳ್ಳ ಹೊಳಿಗಿ ಇಳೀತೈತಿ, ಹೊಳಿ ಹಳ್ಳಕ್ಕ ಏರೂದಿಲ್ಲ. ಹೊಳಿ ನೀರು ಹೊಳ್ಯಾಗ ನಿಂದರತೈತಿ."

"ಮತ್ತ ದಿಬ್ಬದ ಮ್ಯಾಲಿನ ಆ ಕಲ್ಲು ಯಾಕ ನಟ್ಟಾರ್ರಿ ಮಾಸ್ತರ?" ಎಂದು ಅಪ್ಪ ಕೇಳಿದ.

"ಅಳತಿ ಕಲ್ಲು. ಸರಹದ್ದಿಗಿ ನಟ್ಟಿರ್ಬೇಕು. ಅದು ನಿಮ್ಮ ಮನಿಗಿಂತ ಮ್ಯಾಲೈತಿ. ಹೊಳಿಗೂ ಅದಕ್ಕೂ ಎಲ್ಲಿ ಸಂಬಂಧ?"

ಗಂಡಸರ ಮುಖ ಅರಳಿತು. ಆಗ ಗೋಡೆಯ ಮರೆಯಿಂದ ನನ್ನ ಅವ್ವ ಮಾತಾಡಿದಳು. ನಾಲ್ಕು ಮಂದಿ ಗಂಡಸರ ಮುಂದೆ ಅವಳು ಅದಕ್ಕೂ ಮುಂಚೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಹಂಗಲ್ರಿ ಮಾಸ್ತರ. ಹೊಳಿ ತುಂಬಿ ಬಂದಾಗ ನಮ್ಮ ಹಳ್ಳ ಹಿಂದಕ ಬರ್ತೈತ್ರಿ. ಹಳ್ಳ ಹೊಳಿ ಕೂಡೂ ಬಾಯಾಗ ಅರಿವಿ ಒಗ್ಯಾಕ ಹೋಗಾಕಿ ನಾ. ಕೈಯಾಗಿನ ಕುಬಸ ಜಾರಿ ಹೋತು, ಹೊಳಿ ಕಡೆ ಹೋಗ್ಲಿಲ್ರಿ, ಊರ ಕಡೆ ತೇಲಿ ಬಂತು. ನಾ ಒಬ್ಬಾಕೆ ಅಲ್ಲ, ಎಲ್ಲಾರೂ ನೋಡ್ಯಾರ. ಒಡ್ಡು ಹಾಕಿದ್ರ ಹೊಳಿ ಯಾವಾಗ್ಲೂ ತುಂಬೇ ಇರ್ತೈತಲ್ರಿ? ಆವಾಗ?"

ಮಾಸ್ತರು ನಕ್ಕರು. ಕೆಟ್ಟ ನಗೆಯಲ್ಲ. ಚಿಕ್ಕ ತರಗತಿಯ ಹುಡುಗ ತಪ್ಪು ಹೇಳಿದಾಗ ನಗುವ ನಗೆ. "ತಂಗೆವ್ವಾ, ಕುಬಸ ಗಾಳಿಗೆ ಬಂದಿರ್ಬೇಕು. ನೀರು ಏರೂದಿಲ್ಲ" ಎಂದರು.

ನಾನು ಎದ್ದು ನಿಂತು, ಊರಿಗೆಲ್ಲ ಕೇಳುವ ಹಾಗೆ, "ಅವ್ವಾ, ನೀ ಮನಿಗಿ ನಡಿ. ಮಾಸ್ತರು ಮಾತಾಡೂಮುಂದ ನಡುವ ಬಾಯಿ ಹಾಕಬ್ಯಾಡ" ಎಂದೆ.

ಹಿಂದಿನಿಂದ ಯಾರೋ, "ಇನ್ನ ಮ್ಯಾಲ ಸಾಲ್ಯಾಗ ಈಕೀನ ಕಲಸ್ತಾಳ ತಗೋ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಮನೆಗೆ ಹೋದಳು.

ಗಡುವು ಮುಗಿಯಿತು. ನಮ್ಮೂರಿನವರು ಒಬ್ಬರೂ ಹೋಗಿ ಹೆಬ್ಬೆಟ್ಟು ಒತ್ತಲಿಲ್ಲ. ಎರಿ ನೆಲ, ಎರಡು ಬಾವಿ, ಕೊಪ್ಪಳದ ದಾರಿ ಎಲ್ಲ ಪಕ್ಕದ ಊರಿನ ಪಾಲಾಯಿತು. ಎಷ್ಟೋ ತಿಂಗಳಾದ ಮೇಲೆ ಅಳತೆಯವರು ಮತ್ತೆ ಬಂದರು, ಈ ಸಲ ನಕ್ಷೆ ಹಿಡಿದುಕೊಂಡು. ಅರಿಸಿನ ಮೆತ್ತಿದ ಕಲ್ಲನ್ನು ನೋಡಿ ಅವರಲ್ಲೊಬ್ಬ ನಕ್ಕನಂತೆ. "ಈ ಕಲ್ಲಿನ ಬುಡದ ಮಟ ನೀರು ನಿಲ್ತೈತಿ. ಇದಕ್ಕಿಂತ ಕೆಳಗ ಇದ್ದದ್ದೆಲ್ಲಾ ಹೋಗ್ತೈತಿ" ಎಂದನಂತೆ. ನಾವು ಯಾವುದಕ್ಕೆ ಕಾಯಿ ಒಡೆದು ಕೈಮುಗಿದಿದ್ದೆವೋ ಅದು ನಮ್ಮೂರು ಮುಳುಗುವ ಗುರುತಾಗಿತ್ತು.

ಅಪ್ಪ ಅವತ್ತೇ ಕೊಪ್ಪಳಕ್ಕೆ ನಡೆದು ಹೋಗಿ ಮಾಸ್ತರ ಮನೆಯ ಬಾಗಿಲಲ್ಲಿ ನಿಂತು ಅಷ್ಟನ್ನೂ ಹೇಳಿದ. ಮಾಸ್ತರು ಪಡಸಾಲೆಯ ನೆಲದ ಮೇಲೆ ತಂಬಿಗೆಯ ನೀರು ಚೆಲ್ಲಿ, ಬೆರಳಿನಿಂದ ಉದ್ದ ಗೆರೆ ಎಳೆದರಂತೆ, ಅಡ್ಡ ಗೆರೆ ಎಳೆದರಂತೆ. ಉದ್ದ ಗೆರೆಗೆ ಅಂಗೈ ಅಡ್ಡ ಇಟ್ಟು ಇನ್ನೂ ನೀರು ಸುರಿದರಂತೆ. ನೀರು ಅಂಗೈಗೆ ತಡೆದು ಹಿಂದಕ್ಕೆ ನಿಂತು, ಅಡ್ಡ ಗೆರೆಯೊಳಗೆ ಸರಿಯತೊಡಗಿತು. ಅವರು ಅದನ್ನೇ ನೋಡುತ್ತ ಕೂತುಬಿಟ್ಟರು. ಆಮೇಲೆ "ನಾ ಹರಿಯೂ ನೀರಷ್ಟ ಓದೀನಿ, ನಿಂತ ನೀರು ಓದಿಲ್ಲ" ಎಂದರು. ಅಪ್ಪ ಬಾಗಿಲಿಂದಲೇ ತಿರುಗಿ ಬಂದ. ಒಂದು ತಂಬಿಗೆ ನೀರು, ಒಂದು ಅಂಗೈ. ಇಷ್ಟನ್ನು ಅವತ್ತು ಗುಡಿಯ ಕಟ್ಟೆಯ ಮೇಲೆ ಮಾಡಿ ನೋಡಿದ್ದರೆ ಆಗುತ್ತಿರಲಿಲ್ಲವೇ? ಅವ್ವ ಹೇಳಿದ್ದನ್ನು ಹೋಗಿ ನೋಡಲು ಹಳ್ಳದ ಬಾಯಿ ಎರಡೇ ಮೈಲಿ. ಹಿಂದೂಸ್ತಾನದ ನದಿಗಳನ್ನೆಲ್ಲ ಬಲ್ಲ ಮನುಷ್ಯ ಎರಡು ಮೈಲಿ ನಡೆಯಲಿಲ್ಲ, ಏಕೆಂದರೆ ಹೇಳಿದವಳು ಅರಿವೆ ಒಗೆಯುವ ಹೆಂಗಸು.

ಇದಾದ ಮೇಲೆ ಅವರು ಪ್ರತಿ ರಜೆಯ ದಿನ ಹೊಳೆಗೆ ಬಂದು ಕೂಡುವ ಒಂದೊಂದು ಹಳ್ಳ ಹಿಡಿದು ಮೇಲಕ್ಕೆ ನಡೆದು, ಸಿಕ್ಕ ಸಿಕ್ಕ ಊರಿಗೆ ಹೋಗಿ, ಸುಣ್ಣದ ಕಲ್ಲು ಎಲ್ಲಿದೆ ನೋಡಿ, ಅದರ ಅರ್ಥ ಹೇಳಿ ಬಂದರಂತೆ. ಎರಡು ಊರು ಅವರ ಮಾತಿನಿಂದ ಬೇಗ ಎದ್ದು ಒಳ್ಳೆಯ ಜಾಗ ಹಿಡಿದವು. ನೆನಪಿನ ಪುಸ್ತಕದಲ್ಲಿ ಅದನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ಬರೆಯಲಿ. ಅವರು ಆ ಪಾಠ ಕಲಿತದ್ದು ನಮ್ಮೂರನ್ನು ಬರೆದು ಅಳಿಸುವ ಪಾಟಿ ಮಾಡಿಕೊಂಡು.

ನಿಜಾಮರ ಆಳಿಕೆ ಮುಗಿದ ಮರುವರ್ಷ ನಾವು ಎದ್ದೆವು. ನಮಗೆ ಉಳಿದದ್ದು ಒಂದು ಗರಸಿನ ದಿನ್ನೆ. ಗುದ್ದಲಿ ಹಾಕಿದರೆ ಕಿಡಿ ಹಾರುವ ನೆಲ. ತೋಡಿದ ಎರಡು ಬಾವಿಗೂ ಕಲ್ಲು ಬಂತು. ನೀರಿಗೆ ದಿನ್ನೆ ಇಳಿದು ಹಳ್ಳಕ್ಕೇ ಹೋಗಬೇಕು, ತುಂಬಿದ ಕೊಡ ಹೊತ್ತು ಮೇಲೆ ಬರಬೇಕು. ಅವ್ವ ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಇಟ್ಟುಕೊಂಡು ದಿನಕ್ಕೆ ನಾಲ್ಕು ಸಲ ಏರುತ್ತಿದ್ದಳು. ಅರ್ಧ ದಾರಿಯಲ್ಲಿ ನಿಂತು ದಣಿವಾರಿಸಿಕೊಳ್ಳುವುದು ನಮ್ಮ ಬಾಗಿಲಿಗೆ ಕಾಣುತ್ತಿತ್ತು. ಆ ಶುಕ್ರವಾರದ ಮಾತನ್ನು ಅವಳು ಒಮ್ಮೆಯೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನು ಅಷ್ಟಕ್ಕೇ ಪಾರಾಗುತ್ತಿದ್ದೆ.

ಆ ವರ್ಷದ ರಜೆಯಲ್ಲಿ ನಾನು ಮನೆಯಲ್ಲಿದ್ದೆ. ಬಾಗಿಲ ಕಟ್ಟೆಯ ಮೇಲೆ ಕೂತು ಗಂಗಾವತಿಯ ಹುಡುಗರ ಭೂಗೋಳದ ಉತ್ತರ ತಿದ್ದುತ್ತಿದ್ದೆ. ದಿನ್ನೆಯ ಕೆಳಗೆ ಕರಿ ಕೋಟು ಕಂಡಿತು. ಅವರು ಆಗ ನೌಕರಿ ಮುಗಿಸಿ ತಮ್ಮ ಊರಿಗೆ ಹೋಗಿದ್ದರು. ಅಲ್ಲಿಂದ ಎರಡು ದಿನ ನಡೆದು ಬಂದಿದ್ದರು. ಮೇಲೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ನಾನು ಏಳಲಿಲ್ಲ. "ಬರ್ರಿ" ಎನ್ನಲೂ ಇಲ್ಲ. ಅವರ ಹಿಂದೆಯೇ ಅವ್ವ ಎರಡು ಕೊಡ ಹೊತ್ತು ಏರಿ ಬಂದಳು. ಮಾಸ್ತರು ದಾರಿ ಬಿಟ್ಟು ನಿಂತು ಕೈ ಜೋಡಿಸಿದರು.

"ತಂಗೆವ್ವಾ, ನೀ ಹೇಳಿದ್ದು ಖರೆ ಇತ್ತು. ನಾ ಕೇಳ್ಲಿಲ್ಲ. ನನ್ನಿಂದ ತಪ್ಪಾತು."

ಅವ್ವ ಕೊಡ ಇಳಿಸಲಿಲ್ಲ. ಹೊತ್ತುಕೊಂಡೇ ಅವರ ಮುಖ ನೋಡಿದಳು.

"ನೀರು ಏರೂದಿಲ್ಲ ಅಂದಿದ್ರಿ ಮಾಸ್ತರ. ನೋಡ್ರಿ, ದಿನಾ ಎಂಟ ಕೊಡ ನಾ ಏರಸ್ತೀನಿ."

ಮಾಸ್ತರು ಕೋಟು ಕಳಚಿ ನನ್ನ ಪಕ್ಕದಲ್ಲಿ ಕಟ್ಟೆಯ ಮೇಲಿಟ್ಟರು, ಜೇಬಿನ ಕಲ್ಲುಗಳು ಕಟ್ಟೆಗೆ ಬಡಿದು ಸದ್ದಾಯಿತು. ಅವ್ವ ಒಳಗೆ ಹೋಗಿ ಹಂಡೆಗೆ ನೀರು ಸುರಿದು ಬಂದಳು. ಅವಳ ಕೈಯಿಂದ ಒಂದು ಖಾಲಿ ಕೊಡ ತೆಗೆದುಕೊಂಡು ಅವರು ದಿನ್ನೆ ಇಳಿದರು. ಅರ್ಧ ಗಂಟೆಯ ಮೇಲೆ ಕೊಡ ಹೆಗಲಿಗೇರಿಸಿಕೊಂಡು ಬಂದರು. ದಾರಿಯುದ್ದಕ್ಕೂ ತುಳುಕಿ ಅಂಗಿ ತೊಯ್ದಿತ್ತು, ಕೊಡದಲ್ಲಿ ಮುಕ್ಕಾಲು ಉಳಿದಿತ್ತು. ಮತ್ತೆ ಇಳಿದರು. ಮೂರು ಸಲ. ಮೂರನೆಯ ಸಲ ಬಂದಾಗ ಅವ್ವ ಕೊಡ ಇಳಿಸಿಕೊಂಡು, ಅದರಿಂದಲೇ ಒಂದು ತಂಬಿಗೆ ತುಂಬಿ, ಅಂಗೈಯಲ್ಲಿ ಬೆಲ್ಲದ ಚೂರಿಟ್ಟು, "ಕುಡೀರಿ ಮಾಸ್ತರ, ದಣದೀರಿ" ಎಂದು ಕೊಟ್ಟಳು. ಅವರು ನಿಂತೇ ಕುಡಿದು, ಕೋಟು ಹಾಕಿಕೊಂಡು, ನನ್ನ ಕಡೆ ನೋಡದೆ ಹೋದರು.

ಅಷ್ಟು ಹೊತ್ತೂ ನಾನು ಕಟ್ಟೆಯ ಮೇಲೆ ಕೂತೇ ಇದ್ದೆ. ತಪ್ಪು ಉತ್ತರಗಳಿಗೆ ಗೆರೆ ಎಳೆಯುತ್ತಿದ್ದೆ.

ಅದಾದ ಮೇಲೆ ಅವ್ವ ಒಂಬತ್ತು ವರ್ಷ ಬದುಕಿದಳು. ಒಂಬತ್ತು ವರ್ಷವೂ ನೀರು ಹೊತ್ತಳು. ಮಾಸ್ತರ ಮೇಲಿನ ಈ ಸಿಟ್ಟನ್ನು ನಾನು ಇಷ್ಟು ಕಾಲ ಯಾಕೆ ಆರಗೊಡಲಿಲ್ಲ ಎಂಬುದು ಬರೆಯಲು ಕೂತ ಮೇಲೆ ತಿಳಿಯುತ್ತಿದೆ. ಅದು ಆರಿದ್ದರೆ ನನ್ನ ಸರದಿ ಬರುತ್ತಿತ್ತು. ಅವರು ಕುಷ್ಟಗಿ ಕಡೆಯಿಂದ ಎರಡು ದಿನ ನಡೆದು ಬಂದು ಹೇಳಿದ "ತಪ್ಪಾತು" ಎಂಬ ಆ ಮಾತನ್ನು, ನಾನು ಕಟ್ಟೆಯಿಂದ ಎದ್ದು ಒಲೆಯವರೆಗೆ ಹೋಗಿ ಅವ್ವನಿಗೆ ಹೇಳಲಿಲ್ಲ.